ಮನೆ ಮಾರುವ ಮುನ್ನ ಬ್ರೋಕರ್‌ಗೆ ಒಂದು ಪರೀಕ್ಷೆ

ಪಿ.ಯು.ಸಿ. ಫಲಿತಾಂಶ ಬಂದು ಸಿ.ಇ.ಟಿ. ಸೀಟು ಹಂಚಿಕೆ ಹತ್ತಿರವಾಗುತ್ತಿದ್ದಂತೆ ಕೆಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಆ ಹಳೇ ಮನೆ ಮಾರಿಬಿಡೋಣ.” ತಂದೆತಾಯಿ ಹದಿನೈದು ಇಪ್ಪತ್ತು ವರ್ಷ ಕಂತು ಕಟ್ಟಿ ಉಳಿಸಿಕೊಂಡ ಆಸ್ತಿ ಒಂದೆರಡು ತಿಂಗಳಲ್ಲಿ ಹಣವಾಗಬೇಕು. ಆಗ ನೆನಪಾಗುವವರು ಬ್ರೋಕರ್. ಅವರೆಲ್ಲ ಮೋಸಗಾರರಲ್ಲ. ಒಳ್ಳೆಯವರು ಸಿಕ್ಕರೆ ಅಲೆದಾಟ ತಪ್ಪುತ್ತದೆ. ಆದರೆ ಒಳ್ಳೆಯವರನ್ನು ಗುರುತಿಸುವುದು ಹೇಗೆ? ಅದಕ್ಕೆ ಹೈಸ್ಕೂಲಿನ ಗಣಿತ ಮತ್ತು ಪ್ರಯೋಗಶಾಲೆಯ ಶಿಸ್ತು ಸಾಕು. ಆದ್ದರಿಂದ ಈ ಕೆಲಸದಲ್ಲಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಮೊದಲು ಲೆಕ್ಕ. ನಮ್ಮಲ್ಲಿ ಕಮಿಷನ್ ಸಾಮಾನ್ಯವಾಗಿ ಮಾರಾಟದ ಬೆಲೆಯ ಶೇಕಡಾ ಒಂದರಿಂದ ಎರಡು. ಒಂದು ಎಂದೇ ಇಟ್ಟುಕೊಳ್ಳೋಣ. ಮನೆ 60 ಲಕ್ಷ ರೂಪಾಯಿಗೆ ಹೋದರೆ ಬ್ರೋಕರ್‌ಗೆ 60,000. ಈಗ 57 ಲಕ್ಷಕ್ಕೆ ಒಬ್ಬ ಗಿರಾಕಿ ಸಿದ್ಧ. ತಿಂಗಳು ಕಾದರೆ 60 ಲಕ್ಷ ಸಿಗುವ ಸಂಭವವಿದೆ. ಈಗಲೇ ಒಪ್ಪಿದರೆ ನಿಮಗೆ ನಷ್ಟ 3 ಲಕ್ಷ. ಬ್ರೋಕರ್‌ಗೆ ನಷ್ಟ ಕೇವಲ 3,000. ಆ ಮೂರು ಸಾವಿರಕ್ಕಾಗಿ ಅವರು ಇನ್ನೂ ಹತ್ತು ಜನರಿಗೆ ಮನೆ ತೋರಿಸಬೇಕು. “ಈ ಪಾರ್ಟಿ ಬಿಡಬೇಡಿ ಸಾರ್” ಎಂದರೆ ಆಶ್ಚರ್ಯವೇನು?

ಇದು ಬರಿಯ ಊಹೆಯಲ್ಲ. ಅಮೆರಿಕದ ಷಿಕಾಗೋ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಏಜೆಂಟರು ಸ್ವಂತ ಮನೆ ಮಾರುವಾಗ ಗಿರಾಕಿಗಾಗಿ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದರು; ಶೇಕಡಾ 3.7ರಷ್ಟು ಹೆಚ್ಚು ಬೆಲೆಯನ್ನೂ ಪಡೆದರು. ಕಾಯುವುದರ ಲಾಭ ಅವರಿಗೆ ಗೊತ್ತು. ಪರರ ಮನೆಗೆ ಕಾಯುವುದರಲ್ಲಿ ಅವರಿಗೆ ಹೆಚ್ಚು ಲಾಭವಿಲ್ಲ, ಅಷ್ಟೆ.

ಹಾಗಾಗಿ ಮೊದಲ ನಿಯಮ: ನಿಮ್ಮ ಆತುರವನ್ನು ಬ್ರೋಕರ್ ಮುಂದೆ ಹೇಳಬೇಡಿ. ಕಾಲೇಜಿಗೆ ಶುಲ್ಕ ಕಟ್ಟುವ ಕೊನೆಯ ದಿನಾಂಕ ಗಿರಾಕಿಯ ಕಿವಿಗೆ ಬಿದ್ದರೆ ಬೆಲೆ ಇಳಿಯಿತೆಂದೇ ಲೆಕ್ಕ. ಸಾಧ್ಯವಾದರೆ ಮೊದಲ ವರ್ಷದ ಶುಲ್ಕಕ್ಕೆ ಬ್ಯಾಂಕಿನ ಶೈಕ್ಷಣಿಕ ಸಾಲ ಕೇಳಿ. ಮನೆ ಮಾರಿದ ಮೇಲೆ ತೀರಿಸಬಹುದು. ಆ ಸಾಲದ ಬಡ್ಡಿಯನ್ನೂ ಆತುರದ ನಷ್ಟವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ.

ಎರಡನೆಯದು ಅಳತೆ. ಸ್ಕ್ರೂ ಗೇಜ್ ಬಳಸಿದ ವಿದ್ಯಾರ್ಥಿಗೆ ಗೊತ್ತು: ಒಂದೇ ಓದನ್ನು ನಂಬಬಾರದು, ಮೂರು ಸಲ ಅಳೆಯಬೇಕು. ಹಾಗೆಯೇ ಮೂವರು ಬ್ರೋಕರುಗಳನ್ನು ಬೇರೆ ಬೇರೆಯಾಗಿ ಕರೆಸಿ ಬೆಲೆ ಕೇಳಿ. ಆದರೆ ಉಪಕರಣದಲ್ಲೇ ಶೂನ್ಯ ದೋಷವಿದ್ದರೆ ನೂರು ಓದುಗಳ ಸರಾಸರಿಯೂ ತಪ್ಪೇ. ಕೆಲಸ ಹಿಡಿಯಲು ಮೂವರೂ ಬೆಲೆ ಏರಿಸಿ ಹೇಳಬಹುದು. ಆಮೇಲೆ “ಮಾರ್ಕೆಟ್ ಬಿದ್ದಿದೆ” ಎನ್ನುತ್ತ ಇಳಿಸುತ್ತ ಬರಬಹುದು. ಆದ್ದರಿಂದ ಅತಿ ಹೆಚ್ಚು ಬೆಲೆ ಹೇಳಿದವರೇ ಉತ್ತಮರೆಂದು ತಿಳಿಯಬೇಡಿ. “ಈ ಬಡಾವಣೆಯಲ್ಲಿ ನೀವು ಕಳೆದ ವರ್ಷ ಮಾರಿಸಿದ ಮೂರು ಮನೆ ಯಾವುವು? ಮೊದಲು ಹೇಳಿದ ಬೆಲೆ ಎಷ್ಟು, ಕೊನೆಗೆ ಬಂದದ್ದೆಷ್ಟು?” ಎಂದು ಕೇಳಿ. ಮಾರಿದವರನ್ನೇ ಕಂಡು ವಿಚಾರಿಸಿ. ಈ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ. ಸರ್ಕಾರದ ಮಾರ್ಗಸೂಚಿ ದರವನ್ನು ಪೇಟೆ ಬೆಲೆಯೆಂದು ಭಾವಿಸಬೇಡಿ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವ ದರ.

ಮೂರನೆಯದು ಕಾಗದ. 2016ರ ರೇರಾ ಕಾಯ್ದೆಯಡಿ ಏಜೆಂಟರ ನೋಂದಣಿ ಉಂಟು. ಆದರೆ ಅದು ಕಡ್ಡಾಯವಾಗಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ವ್ಯವಹಾರಕ್ಕೆ. ನಿಮ್ಮ ಹಳೆಯ ಒಂಟಿ ಮನೆಯ ಮಾರಾಟಕ್ಕೆ ಆ ರಕ್ಷಣೆ ಸಿಗುತ್ತದೆಂದು ನೆಚ್ಚಬೇಡಿ. ನಿಮಗೆ ನಿಜವಾದ ರಕ್ಷಣೆ ಬರವಣಿಗೆಯೇ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು, ಗಿರಾಕಿಯಿಂದಲೂ ಪಡೆಯುತ್ತಾರೆಯೆ, ಎಷ್ಟು ತಿಂಗಳ ಅವಧಿ, ಇವೆಲ್ಲವೂ ಒಂದು ಹಾಳೆಯಲ್ಲಿರಲಿ. ಕಮಿಷನ್ನಿನ ಹೆಚ್ಚಿನ ಪಾಲು ನೋಂದಣಿಯ ದಿನ ಕೊಡುವಂತಿರಲಿ.

ಕೆಲವರು “ನಾನೇ ಅಡ್ವಾನ್ಸ್ ಕೊಡುತ್ತೇನೆ, ಅಗ್ರಿಮೆಂಟ್ ನನ್ನ ಹೆಸರಿಗೆ ಮಾಡಿಕೊಡಿ” ಎನ್ನುತ್ತಾರೆ. ಒಪ್ಪಿದರೆ ಮನೆ ಅವರ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಬೆಲೆಯ ಗಿರಾಕಿ ಬಂದರೆ ವ್ಯತ್ಯಾಸದ ಹಣ ಅವರ ಜೇಬಿಗೆ. ಜಿ.ಪಿ.ಎ. ಅಂತೂ ಬರೆದುಕೊಡಲೇಬೇಡಿ. ಜಿ.ಪಿ.ಎ. ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗವಾಗದೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಗಡವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ.

ಬ್ರೋಕರನ್ನು ಕರೆಯುವ ಮೊದಲೇ ಕ್ರಯಪತ್ರ, ತೆರಿಗೆ ರಸೀತಿ, ಇ.ಸಿ., ಖಾತೆ ಸಿದ್ಧವಾಗಿರಲಿ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಇ.ಸಿ.ಗೆ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಮನೆಯ ವಿದ್ಯಾರ್ಥಿಗೆ ಇದು ಅರ್ಧ ದಿನದ ಕೆಲಸ. ಅದರಲ್ಲಿರುವ ಹೆಸರು, ಅಳತೆ, ಚಕ್ಕುಬಂದಿಯನ್ನು ಕ್ರಯಪತ್ರದೊಂದಿಗೆ ತಾಳೆ ನೋಡಲಿ. ಕಾಗದ ಸರಿಯಿಲ್ಲದ ಮನೆಗೆ ಬೆಲೆ ಕಟ್ಟುವವರು ಗಿರಾಕಿಗಳೇ ಹೊರತು ನೀವಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಓದಿಗಾಗಿ ಮನೆ ಮಾರುತ್ತಿದ್ದರೆ ಅದರ ಲೆಕ್ಕ ನಿಮಗೂ ತಿಳಿದಿರಲಿ. ಅಪ್ಪ ಅಮ್ಮನ ಪಕ್ಕ ಕುಳಿತು ಮೂವರು ಬ್ರೋಕರುಗಳ ಉತ್ತರಗಳನ್ನು ಕೋಷ್ಟಕದಲ್ಲಿ ಬರೆಯಿರಿ. ಪರೀಕ್ಷೆಗೆ ಬಾರದ ಪಾಠವಾದರೂ ಇಲ್ಲಿ ಒಂದು ತಪ್ಪು ಲೆಕ್ಕದ ಬೆಲೆ ಮೂರು ಲಕ್ಷ ರೂಪಾಯಿ.