ಬಿಟಿಎಸ್ ಕೇಳುವವರು ಡೊಳ್ಳನ್ನೂ ಕೇಳಲಿ

ನಮ್ಮ ಕಾಲೇಜಿನಲ್ಲಿ ಕೊರಿಯನ್ ಹಾಡುಗಳ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಒಂದು ದೊಡ್ಡವರದು: 'ಅರ್ಥವಾಗದ ಭಾಷೆಯ ಹಾಡಿಗೆ ಇದೇನು ಹುಚ್ಚು?' ಇನ್ನೊಂದು ನನ್ನ ಗೆಳತಿಯರದೇ: 'ಜನಪದ ಅಂದ್ರೆ ರಾಜ್ಯೋತ್ಸವದ ದಿನ ಕೇಳೋದು, ಉಳಿದ ದಿನ ಬೋರು ಕಣೇ.' ನನಗೆ ಈ ಎರಡೂ ಒಪ್ಪಿಗೆಯಿಲ್ಲ.

ಮೊದಲು ದೊಡ್ಡವರ ಮಾತಿಗೆ ಬರುತ್ತೇನೆ. ಕೊರಿಯಾದ ಹಾಡುಗಳೆಲ್ಲ ಅಮೆರಿಕದ ನಕಲು ಎಂದು ಹಲವರು ತಿಳಿದಿದ್ದಾರೆ. 2018ರಲ್ಲಿ ಬಿಟಿಎಸ್ ಬಿಡುಗಡೆ ಮಾಡಿದ 'ಐಡಲ್' ಹಾಡನ್ನೇ ನೋಡಿ. ಅದರ ಕುಣಿತದ ಲಯಕ್ಕೆ ದಕ್ಷಿಣ ಆಫ್ರಿಕಾದ ಸಂಗೀತದ ನಂಟಿದೆ. ನಡುನಡುವೆ ಬರುವ ಕೂಗುಗಳು ಮಾತ್ರ ಹಳೆಯ ಕೊರಿಯಾದವು. ಅಲ್ಲಿ 'ಪನ್ಸೋರಿ' ಎಂಬ ಕಥೆ ಹಾಡುವ ಕಲೆಯಿದೆ. ಒಬ್ಬರು ಹಾಡುತ್ತಾರೆ, ಒಬ್ಬರು ಡೋಲು ಬಾರಿಸುತ್ತಾರೆ, ಗಂಟೆಗಟ್ಟಲೆ ನಡೆಯುತ್ತದೆ. ಹಾಡುವವರಿಗೆ ಹುರುಪು ತುಂಬಲು ಡೋಲಿನವರೂ ಕೇಳುಗರೂ ಹಾಗೆ ಕೂಗುತ್ತಾರೆ. ಮುಶಾಯಿರಾದಲ್ಲಿ ನಾವು 'ವಾಹ್ ವಾಹ್' ಅನ್ನುವುದಿಲ್ಲವೇ, ಹಾಗೆ.

2020ರಲ್ಲಿ ಈನಾಲ್ಚಿ ಎಂಬ ತಂಡ ಇನ್ನೂ ಮುಂದೆ ಹೋಯಿತು. ಪನ್ಸೋರಿ ಕಲಿತ ಗಾಯಕರು ಬಾಸ್ ಗಿಟಾರ್ ಮತ್ತು ಡ್ರಮ್ಸ್ ಜೊತೆ ಹಳೆಯ ಕಥೆಯೊಂದನ್ನೇ ಹಾಡಿದರು. ಕಥೆ ಇಷ್ಟು: ಸಮುದ್ರದ ರಾಜನಿಗೆ ಕಾಯಿಲೆ, ಔಷಧಿಗೆ ಮೊಲದ ಪಿತ್ತಜನಕಾಂಗ ಬೇಕು, ತರಲು ಆಮೆ ಹೊರಡುತ್ತದೆ. ನಮ್ಮ ಪಂಚತಂತ್ರದ ಕೋತಿ ಮತ್ತು ಮೊಸಳೆಯ ಕಥೆಗೆ ಹತ್ತಿರದ ನೆಂಟ! ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ಇದೇ ತಂಡದ ಹಾಡುಗಳನ್ನು ತನ್ನ ಜಾಹೀರಾತಿಗೆ ಬಳಸಿತು.

ಇದೆಲ್ಲ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಅಲ್ಲಿನ ಸರ್ಕಾರ 1962ರಲ್ಲೇ ಪರಂಪರೆಯ ರಕ್ಷಣೆಗೆ ಕಾನೂನು ಮಾಡಿ, 1964ರಲ್ಲಿ ಪನ್ಸೋರಿಯನ್ನು ಅದರ ಪಟ್ಟಿಗೆ ಸೇರಿಸಿತು. ಕಲೆ ಬಲ್ಲ ಹಿರಿಯರಿಗೆ ತಿಂಗಳ ಗೌರವಧನ ಕೊಟ್ಟು, ಶಿಷ್ಯರಿಗೆ ಕಲಿಸುವ ಜವಾಬ್ದಾರಿ ಹೊರಿಸಿತು. ಗದ್ದೆ ಬಯಲಿನಲ್ಲಿ ರೈತರು ಬಾರಿಸುತ್ತಿದ್ದ ವಾದ್ಯಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಕಿಮ್ ಡಕ್-ಸೂ ಮತ್ತು ಗೆಳೆಯರು 1978ರಲ್ಲಿ ಸೋಲ್ ನಗರದ ವೇದಿಕೆಗೆ ತಂದರು. ಅದಕ್ಕೆ 'ಸಮುಲ್ನೋರಿ' ಎಂದು ಹೆಸರು.

ಗದ್ದೆಯವರ ಚರ್ಮವಾದ್ಯ ಎಂದಾಗ ನಮ್ಮ ಜಿಲ್ಲೆಯವರಿಗೆ ಡೊಳ್ಳು ನೆನಪಾಗಬೇಕು. ಸಾಗರ, ಸೊರಬದ ಕಡೆಯ ಡೊಳ್ಳಿನ ತಂಡಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಎಲ್ಲಿ? ಮಂತ್ರಿಗಳ ಮೆರವಣಿಗೆಯಲ್ಲಿ, ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಕರೆತರುವಾಗ. ಅತಿಥಿ ಕುರ್ಚಿಯಲ್ಲಿ ಕುಳಿತ ಕೂಡಲೇ 'ಸಾಕು, ನಿಲ್ಸಿ' ಅಂತ ಕೈಸನ್ನೆ. ಊರಿನ ಹುಡುಗರು ದುಡಿಮೆಗೆ ಬೆಂಗಳೂರು ಸೇರಿ ತಂಡವೇ ಚದುರಿಹೋಗುವ ಕಥೆಯನ್ನು ಸಾಗರ್ ಪುರಾಣಿಕ್ ಅವರ 'ಡೊಳ್ಳು' ಸಿನಿಮಾ ಹೇಳುತ್ತದೆ. 68ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ಪ್ರಶಸ್ತಿ ಸಿನಿಮಾಕ್ಕೆ ಬಂತು, ಸಂತೋಷ. ಬಾರಿಸುವವರಿಗೆ?

ಇನ್ನು ಗೆಳತಿಯರ ಮಾತು. ಜನಪದ ಬೋರು ಎನ್ನುವವರು ರಘು ದೀಕ್ಷಿತ್ ಹಾಡಿದ ಗುಡುಗುಡಿ ಹಾಡಿಗೆ ಕಾಲು ಕುಣಿಸದೆ ಇರಬಲ್ಲರೇ? 2008ರ ಆಲ್ಬಮ್ ಅದು. ಬರೆದವರು ಶಿಶುನಾಳ ಷರೀಫರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸ್ಲಿಂ ಮನೆಯ ಮಗ, ಗೋವಿಂದ ಭಟ್ಟರ ಶಿಷ್ಯ. ಏಕತಾರಿಯವರ ಬಾಯಲ್ಲಿದ್ದ ಆ ಪದಗಳು ಸಿ. ಅಶ್ವಥ್ ಅವರ ದನಿಯಲ್ಲಿ ಮನೆಮನೆಗೆ ಹೋದವು, ಆಮೇಲೆ ಗಿಟಾರಿಗೂ ಹೊಂದಿಕೊಂಡವು. ಪದ ಗಟ್ಟಿಯಿದ್ದರೆ ಯಾವ ತಾಳಕ್ಕೂ ಅಳುಕುವುದಿಲ್ಲ.

ಹಾಗಂತ ಬೆರೆಸಿದ್ದೆಲ್ಲ ಒಳ್ಳೆಯದೂ ಅಲ್ಲ. 2020ರಲ್ಲಿ ಚಂದನ್ ಶೆಟ್ಟಿ ಅವರು ಮಾದಪ್ಪನ ಜನಪದ ಹಾಡೊಂದನ್ನು ರ‍್ಯಾಪ್ ಮಾಡಿದಾಗ, ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಬೇಸರಪಟ್ಟರು. ಅವರು ಕ್ಷಮೆ ಕೇಳಿ ವಿಡಿಯೊ ತೆಗೆದರು. ನನ್ನ ಪ್ರಕಾರ ಅಲ್ಲಿ ತಪ್ಪು ಬೀಟಿನದಲ್ಲ. ಆ ಕಥೆಯನ್ನು ಪೂಜೆಯಂತೆ ಕಾಪಾಡಿಕೊಂಡು ಬಂದವರನ್ನು ಮೊದಲು ಕೂರಿಸಿಕೊಂಡು ಕೇಳಬೇಕಿತ್ತು. ಈನಾಲ್ಚಿಯವರಿಗೆ ಆ ತೊಂದರೆ ಬರಲಿಲ್ಲ, ಏಕೆಂದರೆ ಹಾಡಿದವರೇ ಪನ್ಸೋರಿ ಕಲಿತವರು.

'ಡೊಳ್ಳು ಬೀರಪ್ಪನ ಸೇವೆಯದು, ನಾವು ಮುಟ್ಟಬಹುದಾ?' ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದವರು ಡೊಳ್ಳಿನವರು, ನಾನಲ್ಲ. ಹಾಗೆಯೇ ಸಂಗೀತವೇ ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ, ಅವರ ಜೊತೆ ನನಗೆ ವಾದವಿಲ್ಲ. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಸೇರಿ ಕನ್ನಡದಲ್ಲೇ ರಿವಾಯತ್ ಪದ ಹಾಡಿ ಹೆಜ್ಜೆ ಹಾಕುತ್ತಾರೆ ಎಂಬುದನ್ನು ಮರೆಯಬಾರದು. ನಾನು ಬರೆಯುತ್ತಿರುವುದು, ದಿನಾ ಸಂಜೆ ಮೊಬೈಲ್ ಹಿಡಿದು ಕೊರಿಯನ್ ಹೆಜ್ಜೆ ಕಲಿಯುವವರಿಗೆ. ಅಷ್ಟು ಕಷ್ಟದ ಹೆಜ್ಜೆ ಕಲಿಯುವವರಿಗೆ ಡೊಳ್ಳಿನ ಪೆಟ್ಟು ಬರುವುದಿಲ್ಲವೇ?

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಇದು. ಈ ವರ್ಷ ಸುತ್ತಮುತ್ತಲಿನ ಒಂದು ಡೊಳ್ಳಿನ ತಂಡವನ್ನು ಕರೆಸಿ. ಅತಿಥಿಗಳ ಮುಂದೆ ನಡೆಯಲಿಕ್ಕಲ್ಲ, ನಾಲ್ಕು ಶನಿವಾರ ನಮಗೆ ಕಲಿಸಲಿಕ್ಕೆ. ಹೊರಗಿನಿಂದ ಬಂದು ಭಾಷಣ ಮಾಡುವವರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಕೊಡಿ. ಆಮೇಲೆ ವಾರ್ಷಿಕೋತ್ಸವಕ್ಕೆ ಅದರ ಜೊತೆ ಯಾವ ಬೀಟು ಸೇರಿಸಬೇಕು ಎಂದು ಅವರನ್ನೇ ಕೇಳಿ ನಾವು ತೀರ್ಮಾನಿಸುತ್ತೇವೆ. ಮಳೆಯ ಥಂಡಿಗೆ ಚರ್ಮ ಸಡಿಲವಾಗಿ ಡೊಳ್ಳಿನ ದನಿ ಕೂರುತ್ತದೆ, ಆದ್ದರಿಂದ ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಬೇಕು. ನವೆಂಬರ್‌ಗೆ ಮಾತ್ರ ಬೇಡ, ಆ ತಿಂಗಳು ಅವರು ಯಾರ ಕೈಗೂ ಸಿಗುವುದಿಲ್ಲ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ, ಆಯನೂರು