ಕುಳಿತವರ ಭಾರ ಹೊರುವ ಕೊಳವೆ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿದೆ. 1976ರಲ್ಲಿ ಅಲ್ಲಿನ ಕೆಲವು ತರುಣರು ಹಳೆಯ ಭಾರದ ಸೈಕಲ್ಲುಗಳನ್ನು ಗುಡ್ಡದ ನೆತ್ತಿಗೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಕ್ಕೆ ಓಡಿಸುವ ಪಂದ್ಯ ಹೂಡಿದರು. ಕೆಳಗೆ ತಲುಪುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕು ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಗ್ರೀಸ್ ತುಂಬಲೇಬೇಕು. ಅದಕ್ಕೇ ಆ ಇಳಿಜಾರಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಮರುವರ್ಷ ಜೋ ಬ್ರೀಜ್ ಎಂಬಾತ ಇಂಥ ಓಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. ಮೌಂಟನ್ ಬೈಕ್ ಬೆಳೆದುಬಂದದ್ದು ಹೀಗೆ.

ಈ ಬೈಕುಗಳಲ್ಲಿ ‘ಹಾರ್ಡ್‌ಟೇಲ್’ ಎಂಬುದೊಂದು ಬಗೆ. ಮುಂದಿನ ಫೋರ್ಕಿಗೆ ಶಾಕ್ ಅಬ್ಸಾರ್ಬರ್ ಉಂಟು, ಹಿಂದಿನ ಗಾಲಿಗೆ ಇಲ್ಲ. ಕಲ್ಲಿಗೆ ಗಾಲಿ ಬಡಿದರೆ ಪೆಟ್ಟು ಫ್ರೇಮಿಗೆ, ಅಲ್ಲಿಂದ ಸೀಟು ಹೊತ್ತ ಕೊಳವೆಗೆ, ಕೊನೆಗೆ ಸವಾರನ ಬೆನ್ನುಮೂಳೆಗೆ. ಹಾಗಾದರೆ ಆ ಕೊಳವೆ ಯಾವುದರದ್ದಾಗಿರಬೇಕು? ಉಕ್ಕೇ, ಅಲ್ಯೂಮಿನಿಯಮ್ಮೇ, ಟೈಟಾನಿಯಮ್ಮೇ, ಕಾರ್ಬನ್ ನಾರೇ?

ಒಂದು ಸೋಜಿಗ ನೋಡಿ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ, ಟೈಟಾನಿಯಂ 4.5 ಪಟ್ಟು, ಅಲ್ಯೂಮಿನಿಯಂ 2.7 ಪಟ್ಟು. ಬಾಗದೆ ನಿಲ್ಲುವ ಗುಣವೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಲೋಹ ಹಗುರವಾದಷ್ಟೂ ಮೆದುವು. ಆದ್ದರಿಂದ ಲೋಹದ ಹೆಸರಿಗಿಂತ ಕೊಳವೆಯ ಆಕಾರವೇ ಮುಖ್ಯ. ಗೋಡೆಯ ದಪ್ಪ ಒಂದೇ ಆಗಿದ್ದರೆ, 31.6 ಮಿಲಿಮೀಟರ್ ವ್ಯಾಸದ ಕೊಳವೆ 27.2ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಬಿಗಿ. ಫ್ರೇಮಿನಿಂದ ಹೊರಗೆ 20 ಸೆಂಟಿಮೀಟರ್ ಇದ್ದ ಕೊಳವೆಯನ್ನು 25ಕ್ಕೆ ಏರಿಸಿದರೆ ಬಾಗುವಿಕೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಮೈಗೆ ಹಿತ ಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ವ್ಯಾಸವನ್ನು.

ಇನ್ನು ಬಾಳಿಕೆಯ ಮಾತು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಅದು ಪಟ್ಟನೆ ತುಂಡಾಗುವುದನ್ನು ಮಕ್ಕಳೂ ಬಲ್ಲರು. ಇದು ಲೋಹದ ದಣಿವು. ಉಕ್ಕಿಗೂ ಟೈಟಾನಿಯಮ್ಮಿಗೂ ಒಂದು ಮಿತಿಯುಂಟು. ಹೊರೆ ಅದರೊಳಗಿದ್ದರೆ ಲಕ್ಷಾಂತರ ಸಲ ಅಲುಗಿದರೂ ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತವೆ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದಾಗ ಜಗತ್ತು ಈ ಪಾಠವನ್ನು ಕಣ್ಣೀರಿಟ್ಟು ಕಲಿಯಿತು. ಹಾಗೆಂದು ಅಲ್ಯೂಮಿನಿಯಂ ತ್ಯಾಜ್ಯವಲ್ಲ. ಗೋಡೆ ದಪ್ಪವಿದ್ದರೆ ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಅಜರಾಮರವಲ್ಲ, ಅಷ್ಟೆ.

ಕಾರ್ಬನ್ ನಾರು ಎಲ್ಲಕ್ಕಿಂತ ಹಗುರ. ನಾರಿನ ಹೆಣಿಗೆಯನ್ನು ಬದಲಿಸಿ ಬೇಕಾದಷ್ಟು ಬಳುಕುವಂತೆಯೂ ಮಾಡಬಹುದು. ಆದರೆ ಉಕ್ಕು ಮುರಿಯುವ ಮೊದಲು ಸಾಮಾನ್ಯವಾಗಿ ಬಾಗಿ ಎಚ್ಚರಿಸಿದರೆ, ಕಾರ್ಬನ್ ಹೇಳದೆ ಕೇಳದೆ ಮುರಿಯಬಹುದು. ಕೊರಳಿನ ಹಿಡಿಕೆಯನ್ನು ಅತಿಯಾಗಿ ಬಿಗಿದರೂ, ಆಳವಾಗಿ ಗೀರು ಬಿದ್ದರೂ ಅಪಾಯ. ಮುರಿದ ಕೊಳವೆಯ ಚೂಪುತುದಿಯ ಮೇಲೆ ಸವಾರ ಬೀಳುವುದನ್ನು ಊಹಿಸಿಕೊಂಡರೆ, ಉಳಿಯುವ ಕೆಲವು ಗ್ರಾಂ ತೂಕ ದೊಡ್ಡದೆನಿಸದು.

ಇನ್ನೊಂದು ಶತ್ರು ಬೆವರು. ಉಪ್ಪುನೀರು ತಗುಲಿದಾಗ ಉಕ್ಕಿನ ಫ್ರೇಮು, ಅಲ್ಯೂಮಿನಿಯಂ ಕೊಳವೆ ಸೇರಿ ಪುಟ್ಟ ವಿದ್ಯುತ್ಕೋಶವೇ ಆಗುತ್ತದೆ. ಅಲ್ಯೂಮಿನಿಯಂ ಸವೆದು, ಅದರ ಬಿಳಿ ಪುಡಿ ಉಬ್ಬಿ, ಕೊಳವೆ ಕಚ್ಚಿಕೊಂಡು ಬಿಡುತ್ತದೆ. ಸುತ್ತಿಗೆಗೂ ಜಗ್ಗದು. ಕಾರ್ಬನ್ ಕೂಡ ವಿದ್ಯುದ್ವಾಹಕ. ಅದನ್ನು ಅಲ್ಯೂಮಿನಿಯಂ ಫ್ರೇಮಿಗೆ ಇಳಿಸಿದರೂ ಇದೇ ಪಾಡು. ಲೋಹದ ಕೊಳವೆಗೆ ಗ್ರೀಸ್, ಕಾರ್ಬನ್ನಿಗೆ ಅದಕ್ಕೆಂದೇ ಬರುವ ಸಣ್ಣ ಹರಳಿನ ಪೇಸ್ಟು ಸವರಿ, ಆಗಾಗ ಹೊರತೆಗೆದು ಒರೆಸುವುದೊಂದೇ ಮದ್ದು.

ಹೊಸ ಕೊಳವೆಗೆ ಹಣ ಸುರಿಯುವ ಮುನ್ನ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿ ನೋಡುವುದು ಜಾಣತನ. ಯಾವ ಲೋಹವೂ ಕೊಡದಷ್ಟು ಮೆದುತನವನ್ನು ಆ ಗಾಳಿಯೇ ಕೊಟ್ಟೀತು. ಅದಾದ ಮೇಲೂ ಬೇಕೆನಿಸಿದರೆ ಯಾವುದನ್ನಾದರೂ ಕೊಳ್ಳಿ. ಆದರೆ ಕೊಳವೆಯ ಮೇಲೆ ಕೊರೆದಿರುವ ಕನಿಷ್ಠ ಆಳದ ಗೆರೆ ಫ್ರೇಮಿನ ಒಳಗೇ ಇರಲಿ. ಆ ಗೆರೆಯನ್ನು ಮೀರಿದವನನ್ನು ಟೈಟಾನಿಯಮ್ಮೂ ಕಾಯಲಾರದು.