ಬೆಟ್ಟಕ್ಕೆ ಅಡುಗೆಮನೆ ಹೊತ್ತು ಹೋದವರು



ಎರಡು ವರ್ಷದ ಹಿಂದಿನ ಮಾತು. ನಮ್ಮ ಭಾಗದ ಒಂದು ಮಠದ ಭಕ್ತರ ಜೊತೆ ನಾನೂ ಕೇದಾರದ ಯಾತ್ರೆಗೆ ಹೊರಟೆ. 42 ಜನ, ಎರಡು ಮಿನಿ ಬಸ್ಸು, ಹಿಂದೊಂದು ಟೆಂಪೊ. ಟೆಂಪೊದಲ್ಲಿದ್ದದ್ದು ನಮ್ಮ ಅಡುಗೆಮನೆ. ಗ್ಯಾಸ್ ಸಿಲಿಂಡರು, ಒಲೆ, ದೊಡ್ಡ ದೊಡ್ಡ ಪಾತ್ರೆ, ಅಕ್ಕಿ ಚೀಲ, ಸಾರಿನ ಪುಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಡಬ್ಬಿಗಳು, ಬಳಸಿ ಬಿಸಾಡುವ ತಟ್ಟೆ-ಲೋಟಗಳ ಕಟ್ಟು, ಜೊತೆಗೆ ಇಬ್ಬರು ಅಡುಗೆಯವರು. ಹರಿದ್ವಾರ ಬಿಟ್ಟು ಮತ್ತೆ ಹರಿದ್ವಾರ ಮುಟ್ಟುವತನಕ ನಮ್ಮ ಗುಂಪು ಬೆಟ್ಟದವರ ಕೈಯ ತುತ್ತು ಉಣ್ಣಲಿಲ್ಲ. ಊರಿಗೆ ಬಂದು ಮಠದಲ್ಲಿ ಅನುಭವ ಹಂಚಿಕೊಳ್ಳುವಾಗ ಎಲ್ಲರ ಬಾಯಲ್ಲಿ ಅದೇ ಹೆಮ್ಮೆ: "ಹಿಮಾಲಯದಲ್ಲೂ ನಮ್ಮ ಊಟ ತಪ್ಪಲಿಲ್ಲ."

ನಾನು ಆ ದಿನ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪಾಯಿತು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಕೇದಾರ ಇಳಿದ ಮೇಲೆ ನನ್ನ ಮೊಣಕಾಲು ಊದಿಕೊಂಡಿತ್ತು. ಗುಂಪಿನ ಹುಡುಗರಿಗೆ ಬೆಟ್ಟ ಹತ್ತುವ ಆಸೆ ಇನ್ನೂ ತೀರಿರಲಿಲ್ಲ. ಹಾಗಾಗಿ ಊಖೀಮಠ ದಾಟಿ ಸಾರಿ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ತಂಗಿದೆವು. ಚಿಕ್ಕ ಹಳ್ಳಿ. ಮೆಟ್ಟಿಲು ಮೆಟ್ಟಿಲು ಹೊಲ, ಸ್ಲೇಟುಕಲ್ಲಿನ ಮನೆಗಳು, ನಡುನಡುವೆ ಪ್ರವಾಸಿಗರಿಗಾಗಿ ಹೊಸದಾಗಿ ಕಟ್ಟಿದ ಕೋಣೆಗಳು. ಅಲ್ಲಿಂದ ಸುಮಾರು ಎರಡೂವರೆ ಕಿಲೋಮೀಟರು ಹತ್ತಿದರೆ ದೇವರಿಯಾ ತಾಲ್ ಎಂಬ ಕೊಳ. ಚೌಖಂಬಾ ಶಿಖರ ಅದರ ನೀರಿನಲ್ಲಿ ಕಾಣುತ್ತದೆ. ರಸ್ತೆಯಲ್ಲಿ ಮುಂದೆ ಹೋದರೆ ಚೋಪ್ತಾ, ಚೋಪ್ತಾದಿಂದ ಕಾಲುದಾರಿಯಲ್ಲಿ 3,680 ಮೀಟರು ಎತ್ತರದ ತುಂಗನಾಥ, ಅದರ ಮೇಲೆ ಚಂದ್ರಶಿಲಾ. ದೇಶದ ಎಲ್ಲ ಕಡೆಯಿಂದ ಹುಡುಗ-ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಾರೆ. ಬೆಂಗಳೂರಿನವರೂ ಸಿಕ್ಕರು.

ಈ ಕಣಿವೆಯ ಬದುಕು ಋತುವಿನ ಮೇಲೆ ನಿಂತದ್ದು. ಅಲ್ಲಿ ದೇವರೇ ವಲಸೆ ಹೋಗುತ್ತಾನೆ. ದೀಪಾವಳಿಯ ನಂತರ ಕೇದಾರದ ಬಾಗಿಲು ಮುಚ್ಚಿ ಉತ್ಸವಮೂರ್ತಿ ಊಖೀಮಠದ ಓಂಕಾರೇಶ್ವರಕ್ಕೆ ಇಳಿದು ಬರುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಗೆ ಊಖೀಮಠದಲ್ಲೇ ಸಾರುತ್ತಾರೆ. ದೇವರ ಹಿಂದೆ ಜನ. ಅರ್ಚಕರು, ಹೇಸರಗತ್ತೆ ನಡೆಸುವವರು, ಬೆನ್ನಿನ ಬುಟ್ಟಿಯಲ್ಲಿ ಮುದುಕರನ್ನು ಹೊರುವವರು, ಚಹಾದ ಗುಡಿಸಲಿನವರು ಬೇಸಿಗೆಯಲ್ಲಿ ಮೇಲೆ, ಹಿಮ ಬಿದ್ದಾಗ ಕೆಳಗೆ. ಚೋಪ್ತಾ ಅಂತೂ ಊರೇ ಅಲ್ಲ; ಸುತ್ತಲಿನ ಹಳ್ಳಿಗಳವರು ಹಂಗಾಮಿಗೆ ಬಂದು ಅಂಗಡಿ ಹಾಕುವ ತಾಣ. ನಮಗೆ ಅದು ರಜೆಯ ನಾಲ್ಕು ದಿನ. ಅವರಿಗೆ ಆ ಕೆಲವು ತಿಂಗಳ ದುಡಿಮೆಯೇ ವರ್ಷದ ಅನ್ನ.

ನಮ್ಮ ಅಡುಗೆಯವರು ಒಲೆ ಹೂಡಲು ಒಂದು ಮನೆಯವರ ಅಂಗಳವನ್ನು ಬಾಡಿಗೆಗೆ ಹಿಡಿದಿದ್ದರು. ಹುಡುಗರು ಬೆಟ್ಟಕ್ಕೆ ಹೋದ ಮೇಲೆ ನಾನು ಆ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದೆ. ಮನೆಯ ತಾಯಿಗೆ ಐವತ್ತರ ಹತ್ತಿರ ವಯಸ್ಸು. ಗಂಡ ಚೋಪ್ತಾದಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಆಕೆ ಹುಲ್ಲಿನ ಹೊರೆ ಇಳಿಸಿ, ಬೆವರು ಒರೆಸಿಕೊಂಡು, ನಗುತ್ತಲೇ ಹಿಂದಿಯಲ್ಲಿ ಕೇಳಿದಳು: "ಭೈಜೀ, ನನ್ನ ಮಗ ನಿಮ್ಮ ಬೆಂಗಳೂರಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಅವನ ಕೈಯ ಊಟ ನಿಮ್ಮವರು ಉಣ್ಣುತ್ತಾರೆ. ನನ್ನ ಕೈಯದು ಯಾಕೆ ಬೇಡ?"

ಭೈಜೀ ಎಂದರೆ ಅವರ ಮಾತಿನಲ್ಲಿ ಅಣ್ಣ. ನನ್ನ ಹತ್ತಿರ ಉತ್ತರ ಇರಲಿಲ್ಲ. "ಕೊಡವ್ವ, ಉಣ್ಣುತ್ತೇನೆ" ಎಂದೆ. ಆಕೆ ಎರಡು ಕಪ್ಪು ರೊಟ್ಟಿಗೆ ತುಪ್ಪ ಸವರಿ, ಒಂದು ಬಟ್ಟಲು ಬೇಳೆಸಾರು ತಂದಿಟ್ಟಳು. ಬಾಯಿಗಿಟ್ಟ ಕೂಡಲೇ ಗುರುತು ಹತ್ತಿತು. ಅವರು ಮಂಡುವಾ ಎನ್ನುವುದು ನಮ್ಮ ರಾಗಿ. ಗಹತ್ ಎನ್ನುವುದು ನಮ್ಮ ಹುರುಳಿ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಅಕ್ಕಿ ಹೊತ್ತು ಹೋಗಿದ್ದೆವು. ಅಲ್ಲಿ ರಾಗಿ ರೊಟ್ಟಿ, ಹುರುಳಿ ಸಾರು ನಮಗಾಗಿ ಕಾದಿತ್ತು. ಅಂಗಳದ ಆ ಕಡೆ ನಮ್ಮ ಅಡುಗೆಯವರು ಉಪ್ಪಿಟ್ಟು ತಿರುವುತ್ತಿದ್ದರು. ಎರಡನೆಯ ದಿನ ಹೊರಡುವಾಗ ಕೆಳಗಿನ ಹಳ್ಳದಲ್ಲಿ ನಮ್ಮ ತಟ್ಟೆಗಳು ಬಿದ್ದಿದ್ದವು. ಆ ಮನೆಗೆ ನಮ್ಮಿಂದ ಸಿಕ್ಕದ್ದು ಅಂಗಳದ ಬಾಡಿಗೆ ಮತ್ತು ಆ ಕಸ.

ನಾವು ದಾಸೋಹದ ಪರಂಪರೆಯವರು. ಬಂದವರಿಗೆ ಉಣಿಸುವುದು ನಮಗೆ ರಕ್ತಗತ. ಆದರೆ ಶರಣರು ಉಣಿಸಿದ್ದಷ್ಟೇ ದೊಡ್ಡದಲ್ಲ, ಇನ್ನೊಬ್ಬರ ಮನೆಯಲ್ಲಿ ಉಂಡದ್ದೂ ದೊಡ್ಡದು. ಬಸವಣ್ಣನವರು ಶಿವನಾಗಿಮಯ್ಯನವರ ಮನೆಗೆ ಹೋದದ್ದಕ್ಕೆ ಬಿಜ್ಜಳನ ಆಸ್ಥಾನಕ್ಕೆ ದೂರು ಹೋದ ಕಥೆಯನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ? ಕೊಡುವವನ ಕೈ ಸದಾ ಮೇಲಿರುತ್ತದೆ. ತೆಗೆದುಕೊಳ್ಳುವಾಗ ಮಾತ್ರ ಇಬ್ಬರೂ ಸಮ ಆಗುತ್ತಾರೆ. ಬೆಟ್ಟದ ತಾಯಿಯ ಅಡುಗೆಮನೆಯ ಮುಂದೆ ನಮ್ಮದೇ ಒಲೆ ಹೂಡಿಕೊಂಡು ಕುಳಿತದ್ದು, ನಾವು ಯಾವ ಹೆಸರಿನಿಂದ ಕರೆದುಕೊಂಡರೂ, ಹಳೆಯ ಮಡಿಯ ಹೊಸ ರೂಪ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಷ್ಟಲಿಂಗ ಅಂಗೈಯಲ್ಲಿರುವಾಗ ಕೇದಾರಕ್ಕೆ ಯಾಕೆ ಹೋಗಬೇಕು ಎಂದು ಈ ಪತ್ರಿಕೆಯ ಓದುಗರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ನಮ್ಮವರು ಹೋಗುತ್ತಿದ್ದಾರೆ ಎನ್ನುವುದೂ ನಿಜ. ಕೇದಾರದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವ ಜಂಗಮ ಮನೆತನಗಳಿಂದ ಬಂದವರಾದ್ದರಿಂದ "ಅದು ನಮ್ಮದೇ ಜಾಗ" ಎಂಬ ಮಾತು ನಮ್ಮ ಬಸ್ಸಿನಲ್ಲೂ ಹತ್ತಾರು ಸಲ ಕೇಳಿಬಂತು. ಪಂಚಪೀಠಗಳ ವಿಚಾರದಲ್ಲಿ ನಮ್ಮ ನಮ್ಮಲ್ಲಿ ಇರುವ ಭಿನ್ನಾಭಿಪ್ರಾಯ ಬೇರೆ, ಅದನ್ನು ಇಲ್ಲಿ ತೆಗೆಯುವುದಿಲ್ಲ. ನಾನು ಕೇಳುವುದು ಇಷ್ಟೇ. ನಮ್ಮದು ಎಂದ ಮೇಲೆ ಅಲ್ಲಿನ ಜನರ ಕಷ್ಟವೂ ನಮ್ಮದಾಗಬೇಡವೇ? ಸ್ಥಾವರಕ್ಕಿಂತ ಜಂಗಮ ಹಿರಿದು ಎಂದು ನಂಬಿದವರಿಗೆ ಗುಡಿಗಿಂತ ಮೊದಲು ಗುಡಿಯ ದಾರಿಯ ಮನುಷ್ಯ ಕಾಣಬೇಕು.

ಆ ಕಣಿವೆಯ ಕಷ್ಟ ಸಣ್ಣದಲ್ಲ. 2013ರ ಜೂನ್ 16 ಮತ್ತು 17ರಂದು ಕೇದಾರದ ಮೇಲಿನ ಚೋರಾಬಾರಿ ಕೊಳ ಒಡೆದು ಮಂದಾಕಿನಿ ಉಕ್ಕಿತು. ದಾರಿಯ ಮಧ್ಯದ ರಾಮಬಾಡಾ ಎಂಬ ತಂಗುದಾಣ ಹೇಳಹೆಸರಿಲ್ಲದಂತೆ ಹೋಯಿತು. ಸಾವಿರಾರು ಯಾತ್ರಿಕರು ಸತ್ತದ್ದು ನಮಗೆ ನೆನಪಿದೆ. ಹಂಗಾಮಿಗೆಂದು ಮೇಲೆ ಹೋಗಿದ್ದ ದುಡಿಯುವ ಗಂಡಸರನ್ನು ಒಟ್ಟೊಟ್ಟಿಗೆ ಕಳೆದುಕೊಂಡ ಹಳ್ಳಿಗಳ ನೆನಪು ನಮಗಿಲ್ಲ. ಅದಕ್ಕೂ ಮೊದಲಿನಿಂದ ಊರುಗಳು ಖಾಲಿಯಾಗುತ್ತ ಬಂದಿವೆ. 2011ರ ನಂತರ 734 ಹಳ್ಳಿಗಳು ಜನವಿಲ್ಲದೆ ಬರಿದಾದವು ಎಂದು ಉತ್ತರಾಖಂಡದ ವಲಸೆ ಆಯೋಗ 2018ರಲ್ಲಿ ವರದಿ ಕೊಟ್ಟಿತು. ಆ ತಾಯಿಯ ಮಗ ಬೆಂಗಳೂರಿಗೆ ಬಂದದ್ದು ಊರು ಬೇಡವಾಗಿ ಅಲ್ಲ.

ಹಾಗಾದರೆ ಪ್ರವಾಸಿಗರೇ ಹೋಗಬಾರದೇ? ನನ್ನ ಮಾತು ಅದಲ್ಲ. ಬೆಟ್ಟ ಹತ್ತುವುದು ಒಳ್ಳೆಯ ಹವ್ಯಾಸ. ಸಾರಿಯಂಥ ಹಳ್ಳಿಯಲ್ಲಿ ಮನೆಗಳು ದೀಪ ಹಚ್ಚಿಕೊಂಡಿರುವುದಕ್ಕೆ ಚಾರಣಿಗರೂ ಕಾರಣ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟು ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ದಿನಕ್ಕೆ 200 ಜನರ ಮಿತಿ ಹಾಕಿತು. ಹುಲ್ಲುಗಾವಲು ಉಳಿಯಬೇಕು, ನಿಜ. ಆದರೆ ಅದನ್ನು ಕೆಡಿಸಿದ ದೊಡ್ಡ ಕಂಪನಿಗಳು ಬೇರೆ ಜಾಗ ಹುಡುಕಿಕೊಳ್ಳಬಲ್ಲವು. ಕೂಲಿ ಹೊರುವವನು, ದಾರಿ ತೋರಿಸುವವನು ಎಲ್ಲಿಗೆ ಹೋಗಬೇಕು? ಇನ್ನೊಂದು ಕಡೆ, 2025ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಒಪ್ಪಿಗೆ ಕೊಟ್ಟಿದೆ. 4,081 ಕೋಟಿ ರೂಪಾಯಿ ವೆಚ್ಚ, ದಿನಕ್ಕೆ 18,000 ಜನ, ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ. ಮುದುಕರಿಗೆ ಅನುಕೂಲ, ನೋವು ತಿನ್ನುವ ಹೇಸರಗತ್ತೆಗಳಿಗೂ ಬಿಡುಗಡೆ ಎನ್ನಬಹುದು. ಆದರೆ ದಾರಿಯುದ್ದಕ್ಕೂ ಅಂಗಡಿ ಇಟ್ಟವರ ತಲೆಯ ಮೇಲೆ ಡಬ್ಬಿಗಳು ಹಾದುಹೋಗುತ್ತವೆ. ಅವರನ್ನು ಕೇಳಿದವರಾರು? ನಿಷೇಧವೂ ಮೇಲಿನಿಂದ ಬರುತ್ತದೆ, ನೂಕುನುಗ್ಗಲೂ ಮೇಲಿನಿಂದ ಬರುತ್ತದೆ. ನಡುವೆ ಬಾಳುವವರ ಮಾತಿಗೆ ಎರಡರಲ್ಲೂ ಜಾಗವಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಇದು ಹೊಸ ಜಗಳವೂ ಅಲ್ಲ. ಚೋಪ್ತಾ ದಾಟಿ ಗೋಪೇಶ್ವರದ ಕಡೆಗೆ ಇಳಿದರೆ ಮಂಡಲ್ ಎಂಬ ಊರು ಸಿಗುತ್ತದೆ. ನೊಗ-ನೇಗಿಲಿಗೆ ಅಂಗು ಮರ ಬೇಕೆಂದು ಅಲ್ಲಿನವರು ಕೇಳಿದಾಗ ಅರಣ್ಯ ಇಲಾಖೆ ಕೊಡಲಿಲ್ಲ. ಅದೇ ಮರವನ್ನು ಆಟದ ಸಾಮಾನು ಮಾಡುವ ಅಲಹಾಬಾದಿನ ಕಂಪನಿಗೆ ಕೊಟ್ಟಿತು. 1973ರ ಏಪ್ರಿಲ್‌ನಲ್ಲಿ ಚಂಡೀಪ್ರಸಾದ ಭಟ್ಟರ ಜೊತೆ ಜನ ಎದ್ದು ನಿಂತರು. ಅದೇ ವರ್ಷ ಕೇದಾರ ಕಣಿವೆಯ ಫಾಟಾ-ರಾಮಪುರದಲ್ಲೂ ಹಾಗೇ ನಿಂತರು. ಚಿಪ್ಕೊ ಹುಟ್ಟಿದ್ದು ಹೀಗೆ. ಹತ್ತು ವರ್ಷದ ನಂತರ, 1983ರಲ್ಲಿ, ನಮ್ಮ ಶಿರಸಿಯ ಸಲ್ಕಣಿಯವರು ಅದೇ ದಾರಿ ಹಿಡಿದು ಅಪ್ಪಿಕೊ ಎಂದರು. ಹೊಲ ಉಳುವವನ ನೊಗಕ್ಕೆ ಇಲ್ಲದ ಮರ ದೂರದವರ ಆಟಕ್ಕೆ ಇತ್ತು. ಮರದ ಜಾಗದಲ್ಲಿ ಇಂದು ಬೆಟ್ಟವನ್ನೇ ಇಟ್ಟು ನೋಡಿ. ಕಾಯಕ ಮಾಡುವವನಿಗೋ, ಆಡಲು ಬಂದವನಿಗೋ, ಯಾರಿಗೆ ಮೊದಲ ಹಕ್ಕು ಎಂಬ ಪ್ರಶ್ನೆ ಹಾಗೇ ಇದೆ. ಉತ್ತರ ನಮ್ಮ ತತ್ವದಲ್ಲಿ ಸ್ಪಷ್ಟವಾಗಿಯೇ ಇದೆ.

ಸರ್ಕಾರಗಳು ಮಾಡಬೇಕಾದ್ದು ಬೇಕಾದಷ್ಟಿದೆ. ಆದರೆ ಯಾತ್ರೆ ಏರ್ಪಡಿಸುವ ನಮ್ಮ ಮಠಗಳು, ಬಳಗಗಳು ನಾಳೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಪೂಜ್ಯರಲ್ಲಿ, ಶರಣಬಂಧುಗಳಲ್ಲಿ ನನ್ನ ವಿನಂತಿ ಇದು.

ಮೊದಲನೆಯದು, ಅಡುಗೆಮನೆಯನ್ನು ಊರಲ್ಲೇ ಬಿಟ್ಟು ಹೋಗೋಣ. ಹಳ್ಳಿಯ ಮನೆಗಳಲ್ಲೇ ಉಣ್ಣೋಣ, ಅಲ್ಲೇ ಮಲಗೋಣ. ಸಕ್ಕರೆ ಕಾಯಿಲೆಯವರಿದ್ದಾರೆ, ಶಾಕಾಹಾರದ ಪ್ರಶ್ನೆ ಇದೆ, ಲಿಂಗಪೂಜೆಗೆ ಶುಚಿಯಾದ ಜಾಗ ಬೇಕು ಎನ್ನುವ ಮಾತು ಬರುತ್ತದೆ. ಮುಂಚೆಯೇ ಹೇಳಿದರೆ ಇದೆಲ್ಲ ಅವರಿಗೆ ಕಷ್ಟವಲ್ಲ. ಮಂಡುವಾ ರೊಟ್ಟಿ ಸಕ್ಕರೆ ಕಾಯಿಲೆಯವರಿಗೆ ನಮ್ಮ ಬಿಳಿ ಅನ್ನಕ್ಕಿಂತ ವಾಸಿ.

ಎರಡನೆಯದು, 42 ಜನರ ಗುಂಪು ಬೇಡ. ಹನ್ನೆರಡು-ಹದಿನೈದು ಜನ ಸಾಕು. ಸಣ್ಣ ಊರಿಗೆ ದೊಡ್ಡ ಗುಂಪು ನುಗ್ಗಿದರೆ ನೀರೂ ಸಾಲದು, ಜಾಗವೂ ಸಾಲದು.

ಮೂರನೆಯದು, ಒಯ್ದ ಕಸವನ್ನು ಚೀಲದಲ್ಲಿ ತುಂಬಿ ಕೆಳಗೆ ತರೋಣ. ಪ್ರಾಣಿಯ ಬೆನ್ನು ಹುಣ್ಣಾಗಿದ್ದರೆ ಹತ್ತುವುದು ಬೇಡ. ನಡೆಯಲಾಗದ ಹಿರಿಯರು ಊಖೀಮಠದಲ್ಲೇ ಉಳಿಯಲಿ. ಅಂಗೈಯಲ್ಲಿ ಲಿಂಗವಿದ್ದವರಿಗೆ ಮೇಲೆ ಹತ್ತದಿದ್ದರೆ ಏನೂ ಕಡಿಮೆಯಾಗದು.

ನಾಲ್ಕನೆಯದು, ಅಲ್ಲಿ ಜಮೀನು, ಮನೆ ಕೊಳ್ಳುವ ಆಸೆ ಬೇಡ. ನಮ್ಮ ಬಸ್ಸಿನಲ್ಲೇ ಇಬ್ಬರು ದರ ವಿಚಾರಿಸುತ್ತಿದ್ದರು. ಉತ್ತರಾಖಂಡ ಸರ್ಕಾರ 2025ರಲ್ಲಿ 13 ಜಿಲ್ಲೆಗಳ ಪೈಕಿ 11ರಲ್ಲಿ ಹೊರಗಿನವರು ಕೃಷಿ ಜಮೀನು ಕೊಳ್ಳುವುದಕ್ಕೆ ತಡೆ ಹಾಕಿತು. ಅದಕ್ಕೆ ಕಾರಣ ನಮ್ಮಂಥವರೇ. ವರ್ಷಕ್ಕೆ ಹದಿನೈದು ದಿನ ತೆರೆಯುವ ಮನೆಯಿಂದ ಊರು ತುಂಬುವುದಿಲ್ಲ, ಬೀಗಗಳು ಹೆಚ್ಚುತ್ತವೆ.

ಇದನ್ನು ಹಿಮಾಲಯಕ್ಕೆ ಮಾತ್ರ ಹೇಳುತ್ತಿಲ್ಲ. ನಮ್ಮ ಮುಳ್ಳಯ್ಯನಗಿರಿಗೆ ಶನಿವಾರ-ಭಾನುವಾರ ಸಾಲುಗಟ್ಟುವ ಕಾರುಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷವೂ ಅದೇ ಮಠದಿಂದ ಯಾತ್ರೆ ಹೊರಡುವುದಿದೆ. ಸಾಮಾನಿನ ಪಟ್ಟಿ ಬರೆಯುವ ಸಭೆಗೆ ನನ್ನನ್ನೂ ಕರೆದಿದ್ದಾರೆ. ಈ ಸಲ ನಾನು ಸುಮ್ಮನಿರುವುದಿಲ್ಲ. ಸಿಲಿಂಡರು, ಒಲೆ, ಅಕ್ಕಿ ಚೀಲ ಎಂದು ಬರೆದಲ್ಲಿ ಗೆರೆ ಎಳೆಯಲು ಕೇಳುತ್ತೇನೆ. ಒಪ್ಪದಿದ್ದರೆ, ಸಾರಿಯ ಆ ತಾಯಿಯ ಪ್ರಶ್ನೆಯನ್ನು ಸಭೆಯ ಮುಂದಿಟ್ಟು ಉತ್ತರ ಕೇಳುತ್ತೇನೆ. ನನಗೆ ಸಿಗದ ಉತ್ತರ ಅವರಿಗೆ ಸಿಕ್ಕರೆ ಸಂತೋಷ.